ಡಬ್ಬಿ ಮೇಲಿನ ಮೂರು ಬೊಟ್ಟು

ಮಾಲು ಸಿಕ್ಕಿಬಿದ್ದಿದ್ದು ನಾನಿಟ್ಟ ಕುಂಕುಮದಿಂದ. ಉಳಿದಿದ್ದೆಲ್ಲ ಓಣಿಯ ಜನ ಕಟ್ಟಿದ ಕಥೆ.

ನಮ್ಮೂರ ಪಕ್ಕದ ಕರೂರಿನ ಗೋಡೌನಿನಿಂದ ಸಾವ್ಕಾರ ನಮ್ಮನೆಗೆ ಬೇರಿಂಗು ಕಳಿಸುತ್ತಿದ್ದ, ಜೊತೆಗೆ ಮಡಚದ ರಟ್ಟಿನ ಡಬ್ಬಿ. ಸೊಸೆ ಡಬ್ಬಿ ಮಡಚಿ ತುಂಬುವಳು, ನಾನು ಚೀಟಿ ಅಂಟಿಸುವವಳು. ಚೀಟಿಯಲ್ಲಿ ಇಂಗ್ಲಿಷ್ ಅಕ್ಷರ. ನನಗೆ ಕನ್ನಡವನ್ನೇ ಕೂಡಿಸಿ ಕೂಡಿಸಿ ಓದಬೇಕು, ಅದು ಪರದೇಶದ ಕಂಪನಿ ಹೆಸರು ಅಂತ ಎಲ್ಲಿ ತಿಳಿಯಬೇಕು?

ಹೊಸ ಲೋಡಿನ ಮೊದಲ ಡಬ್ಬಿಗೆ ಅರಿಶಿಣ ಬಳಿದು, ಮೇಲೆ ಎರಡು, ಕೆಳಗೆ ಒಂದು ಕುಂಕುಮದ ಬೊಟ್ಟು ಇಡುವುದು ನನ್ನ ಪದ್ಧತಿ. ಸಾವ್ಕಾರನಿಗೂ ಅದು ಬೇಕಿತ್ತು. "ನಿನ್ನ ಕೈಗುಣ ಚಲೋ ಐತೆ ಕಣವ್ವ, ಬೊಟ್ಟಿಡದೆ ಕಳಿಸಬ್ಯಾಡ" ಅನ್ನುತ್ತಿದ್ದ. ಹರಿಹರದಲ್ಲಿ ಅವನದೊಂದು ಶೆಡ್ಡಿತ್ತು. ಆಯುಧಪೂಜೆಗೆ ಅಲ್ಲಿಗೂ ನನ್ನನ್ನೇ ಕರೆದೊಯ್ದು ಪಾಲಿಶ್ ಮಿಷಿನಿಗೂ ಅದೇ ಮೂರು ಬೊಟ್ಟಿಡಿಸಿದ್ದ.

ಒಂದು ಲೋಡು ಹಡಗಿನಲ್ಲಿ ಹೋಗಿ ಯಾವುದೋ ದೇಶದ ಬಂದರಿನಲ್ಲಿ ತಪಾಸಣೆಗೆ ನಿಂತಿತು. ಬಿಚ್ಚಿದರೆ ಹಳೇ ಬೇರಿಂಗು, ತೊಳೆದು ಪಾಲಿಶ್ ಹಾಕಿದ್ದು. ಒಂದು ಡಬ್ಬಿಯ ಮೇಲೆ ಹಳದಿ, ಕೆಂಪು. ಕಳ್ಳರ ಗುಟ್ಟಿನ ಗುರುತು ಅಂದುಕೊಂಡು ಬಂದರಿನವರು ಫೋಟೊ ತೆಗೆದು ಚೀಟಿಯಲ್ಲಿದ್ದ ಕಂಪನಿಯವರ ದೇಶಕ್ಕೆ ಕಳಿಸಿದರು. ಅಲ್ಲಿನ ಪೊಲೀಸರು ದಿಲ್ಲಿಗೆ, ದಿಲ್ಲಿಯವರು ಇಲ್ಲಿಗೆ. ಹಡಗಿನ ಕಾಗದದ ಜಾಡು ಕರೂರಿನ ತನಕ ಬಂತು, ಯಾವ ಗೋಡೌನು ಅಂತ ಗೊತ್ತಾಗಲಿಲ್ಲ. ಹುಡುಕುವಾಗ ಅಂಥದೇ ಮೂರು ಬೊಟ್ಟಿನ ಇನ್ನೊಂದು ಡಬ್ಬಿ ಸಾವ್ಕಾರನ ಗೋಡೌನಿನಲ್ಲಿ ಸಿಕ್ಕಿತು.

ಸಾವ್ಕಾರ ನಿಂತ ನಿಲುವಿನಲ್ಲೇ ನನ್ನ ಸೊಸೆಯ ಹೆಸರು ಹೇಳಿದ. ಮಾಲು ತರೋದು, ಪಾಲಿಶ್ ಮಾಡಿಸೋದು, ತುಂಬೋದು ಎಲ್ಲ ಆಕೆಯದೇ ಧಂದೆ, ತಾನು ಬರೀ ಕೊಂಡು ಮಾರುವವನು ಅಂದ.

ಸಂಜೆಗೆ ಪೊಲೀಸ್ ಅಧಿಕಾರಿ ನಮ್ಮನೆಗೆ ಬಂದ. ಸೊಸೆ ಅಡುಗೆಮನೆಯಲ್ಲಿ ನಿಂತು ಅತ್ತಳು. "ಅತ್ತೆ, ನನ್ನ ಒಳಗೆ ಹಾಕ್ತಾರೆ."

"ಆಮೇಲೆ ಅಳು. ಮೊದ್ಲು ಅವರಿಗೆ ಚಾ ಕಾಸು."

ಅಧಿಕಾರಿ ಮೊಬೈಲಿನಲ್ಲಿ ಫೋಟೊ ತೋರಿಸಿ, "ಇದು ಯಾರ ಕೆಲ್ಸ ಅಜ್ಜಿ?" ಅಂದ.

"ನಂದೇ."

"ಮೂರು ದೇಶದ ಪೊಲೀಸರು ಇದನ್ನ ನೋಡ್ಕೊಂಡು ಕೂತಾರೆ. ನಿಮ್ದು ದೊಡ್ಡ ಗ್ಯಾಂಗು ಅಂತ ಅವರ ಲೆಕ್ಕ."

"ಗ್ಯಾಂಗಂತೆ! ಇರೋರು ನಾವಿಬ್ರು. ಅದ್ರಾಗ ನನಗೆ ಮಂಡಿನೋವು."

ಅವನಿಗೆ ನಗು ಬಂತು, ಆದರೆ ಕೂತಲ್ಲಿಂದ ಏಳಲಿಲ್ಲ. "ಪಾಲಿಶ್ ಎಲ್ಲಿ ಮಾಡಿಸ್ತಾಳೆ ನಿಮ್ಮ ಸೊಸೆ?"

"ಆಕೆ ಪಾಲಿಶ್ ಮಾಡ್ಸಿದ್ದು ಕಾಲ್ಗೆಜ್ಜೆ ಒಂದೇ. ಬೇರಿಂಗಿಂದು ಹರಿಹರದಾಗ ಆಗತೈತೆ, ಸಾವ್ಕಾರನ ಶೆಡ್ಡಿನಾಗ."

"ಅಂವ ಶೆಡ್ಡೇ ಇಲ್ಲ ಅಂತಾನಲ್ಲ."

"ಹಂಗಾರೆ ನಾನು ಬೊಟ್ಟಿಟ್ಟಿದ್ದು ಯಾವ ಮಿಷಿನಿಗೆ? ಇನ್ನೂ ತೊಳೆದಿರಲ್ಲ, ಬರ್ರಿ ತೋರಿಸ್ತೀನಿ. ಈಕೆ ಮಾತ್ರ ಮನೆಯಾಗೇ ಇರ್ತಾಳೆ."

ಅವನು ಒಂದು ಗಳಿಗೆ ಸೊಸೆಯನ್ನು ನೋಡಿ, ಆಗಲಿ ಅಂದ.

ಮರುದಿನ ಬೆಳಿಗ್ಗೆ ರೊಟ್ಟಿ ತಿಂದು ಅವರ ಜೀಪಿನಲ್ಲೇ ಹರಿಹರಕ್ಕೆ ಹೋದೆ. ಸಾವ್ಕಾರನನ್ನೂ ಕರೆತಂದಿದ್ದರು, ಅವನು ನನ್ನ ಮುಖ ನೋಡಲಿಲ್ಲ. ಅವನ ಗೊಂಚಲಿನ ಕೀಲಿಯೇ ಶೆಡ್ಡಿನ ಬೀಗಕ್ಕೆ ಹತ್ತಿತು. ಒಳಗೆ ಹೋಗಿ ಮಿಷಿನಿನ ಮೇಲಿನ ಗೋಣಿತಾಟು ಸರಿಸಿ, ಮೂರು ಬೊಟ್ಟಿನ ಮೇಲೆ ಬೆರಳಿಟ್ಟು ನಿಂತೆ, ಅವರು ಫೋಟೊ ತೆಗೆಯುವ ತನಕ.