ಒಪ್ಪಿಗೆಗೆ ಕಾದು ಕೂತ ಬೀಜದ ಸುದ್ದಿ

ಗೆಳೆಯರೇ, ಇವತ್ತು ಗುರುಬಾಯಿ ಅಕ್ಕ ನನ್ನ ಕಿವಿ ಹಿಂಡಿದರು. ಹಿಂಡಬೇಕಾಗಿಯೇ ಇತ್ತು.

ಸಾಲೋಟಗಿಯಲ್ಲಿ ಅಕ್ಕ ನಡೆಸುವ ಬೀಜ ಸಂಘಕ್ಕೆ ವೆಬ್‌ಸೈಟ್ ಕಟ್ಟಿಕೊಟ್ಟವನು ನಾನು. ಕೋಡ್ ಗೊತ್ತಿಲ್ಲದವರೂ ಮೊಬೈಲಿನಿಂದಲೇ ಸುದ್ದಿ ಬರೆದು ಹಾಕಬಹುದಾದ, ಸಿಎಂಎಸ್ ಎಂಬ ವ್ಯವಸ್ಥೆ ಅದು. ಅಕ್ಕ ಎರಡೇ ದಿನದಲ್ಲಿ ಕಲಿತರು. ಆದರೆ ಅವರು ಬರೆದದ್ದು ನಾನು ಒಪ್ಪಿದ ಮೇಲೆಯೇ ಕಾಣುವಂತೆ ಇಟ್ಟಿದ್ದೆ, ತಪ್ಪಾಗಬಾರದು ಅಂತ.

ನೆಲ ಹದಕ್ಕೆ ಬಂದದ್ದು ನೋಡಿ ಬೆಳಿಗ್ಗೆ ಅಕ್ಕ, 'ಬಿಳಿಜೋಳದ ಬೀಜ ನಾಳೆ ಅಲ್ಲ, ಇವತ್ತೇ ಹಂಚುತ್ತೇವೆ' ಎಂದು ಬರೆದಿದ್ದಾರೆ. ನಾನು ಸಿಂದಗಿಯಲ್ಲಿ ಸಮಾನತೆಯ ಬಗ್ಗೆ ಭಾಷಣ ಮಾಡುತ್ತಿದ್ದೆ, ಫೋನ್ ಬಂದ್. ಸುದ್ದಿ ಮಧ್ಯಾಹ್ನದವರೆಗೂ ನನ್ನ ಒಪ್ಪಿಗೆಗೆ ಕಾಯುತ್ತ ಕೂತಿತ್ತು. ಅಷ್ಟರಲ್ಲಿ ಅಕ್ಕ ಬಿಸಿಲಲ್ಲಿ ಮನೆಮನೆಗೆ ನಡೆದು ಹೇಳಿ ಬಂದಿದ್ದರು. ಒಬ್ಬರಿಗೂ ಬೀಜ ತಪ್ಪಲಿಲ್ಲ.

ನಾನು ಹೋದಾಗ ಕೇಳಿದರು: "ಭಾಷಣದಾಗ ಎಲ್ಲಾರೂ ಸಮ ಅಂತಿ. ನಾ ನಾಕ ಸಾಲ ಬರದ್ರ ನಿನ್ನ ಅಪ್ಪಣಿ ಬೇಕೇನೋ ತಮ್ಮಾ?"

"ತಪ್ಪಾತ್ರಿ ಅಕ್ಕಾ."

"ನಾ ತಪ್ಪ ಬರದ್ರ ನಾನ ತಿದ್ದತೇನಿ. ಆ ಒಪ್ಪಿಗಿ ಕೊಡೂ ಅಧಿಕಾರ ಇತ್ಲಾಗ ಕೊಡು."

ಕೊಟ್ಟೆ. ಐದು ನಿಮಿಷದಲ್ಲಿ ಅವರು ಇಡೀ ಸೈಟಿನ ಆಡಳಿತ ತಮ್ಮ ಕೈಗೆ ತೆಗೆದುಕೊಂಡು, ನನ್ನನ್ನು ಬರೀ ಬರಹಗಾರನನ್ನಾಗಿ ಮಾಡಿದರು. ಸಮಾನತೆಯ ಬಗ್ಗೆ ಎಷ್ಟು ಪುಸ್ತಿಕೆ ಓದಿದರೂ ನನಗೆ ಬಾರದ ಧೈರ್ಯ ಅದು.

ಸಂಜೆ ಈ ಘಟನೆಯನ್ನೇ ಲೇಖನ ಮಾಡಿ ಸೈಟಿಗೆ ಕಳಿಸಿದೆ. 'ಪರಿಶೀಲನೆಯಲ್ಲಿದೆ' ಎಂದು ಬಂತು. ಫೋನ್ ಮಾಡಿದರೆ, "ಭಾಳ ಉದ್ದ ಆಗೈತಿ, ಅರ್ಧಾ ಮಾಡಿ ಕಳಸು" ಅಂದರು.

ಅದಕ್ಕೇ ಇಲ್ಲಿ, ನನ್ನ ಸ್ವಂತ ಪುಟದಲ್ಲಿ ಹಾಕುತ್ತಿದ್ದೇನೆ. ಅರ್ಧ ಮಾಡಿಯೇ.