ಹತ್ತೂವರೆ ಬಸ್ಸಿನ ಇನ್ಸ್‌ಪೆಕ್ಟರು

ಕಾನೂನು ಎಲ್ಲ ಕಾಲದಲ್ಲೂ ಎಲ್ಲ ಕಡೆಯಲ್ಲೂ ಎಚ್ಚರವಾಗಿರುತ್ತದೆ ಎಂಬುದು ನಾಗರಿಕ ಸಮಾಜದ ದೊಡ್ಡ ನಂಬಿಕೆ. ಹರಪನಹಳ್ಳಿಗೆ ಮಾತ್ರ ಅದು ತಿಂಗಳಿಗೊಮ್ಮೆ ಹತ್ತೂವರೆ ಬಸ್ಸಿಗೆ ಬಂದು, ಮೂರು ಗಂಟೆ ಬಸ್ಸಿಗೆ ಹೊರಟುಹೋಗುತ್ತಿತ್ತು.

ಮೊನ್ನೆ ಟ್ರಂಕಿನ ತಳದಲ್ಲಿ ಶಾಲೆಯ ಹಳೇ ಹಾಜರಿ ಪುಸ್ತಕವೊಂದು ಸಿಕ್ಕಿತು. ಸರ್ಕಾರದ ದಾಖಲೆಯನ್ನು ನಿವೃತ್ತ ಮೇಷ್ಟ್ರೊಬ್ಬ ಮನೆಯಲ್ಲಿಟ್ಟುಕೊಳ್ಳುವುದು ತಪ್ಪು. ಆದರೆ ಇಷ್ಟು ವರ್ಷವಾದರೂ ಸರ್ಕಾರ ಕೇಳಿಲ್ಲ. ತೆರೆದ ಕೂಡಲೇ ತಂಬಾಕಿನ ಪುಡಿಯ ಘಾಟು. ಅದು ಪುಸ್ತಕದ್ದೋ, ನನ್ನ ಮೂಗಿನ ಹಳೇ ನೆನಪೋ ಹೇಳಲಾರೆ... ಘಾಟಿನ ಹಿಂದೆಯೇ ಒಂದು ಛತ್ರಿ, ಒಂದು ಬಟ್ಟೆಯ ಚೀಲ, ಅವೆರಡನ್ನೂ ಹಿಡಿದ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರು ಕಣ್ಣೆದುರು ಬಂದು ನಿಂತರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಶಾಲೆಯ ಬೆನ್ನಿಗೇ ಒಂದು ಬೀಡಿ ಕಾರ್ಖಾನೆಯಿತ್ತು. ದೊಡ್ಡವರು ಬೀಡಿ ಸುತ್ತುವರು. ತುದಿ ಮಡಚಿ ದಾರ ಕಟ್ಟುವುದಕ್ಕೆ ಸಣ್ಣ ಬೆರಳುಗಳೇ ಲೇಸೆಂದು ಮಕ್ಕಳು. ಹದಿನಾಲ್ಕು ತುಂಬದವರನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂಬ ಕಾನೂನಿನ ಬಗ್ಗೆ ಮಾಲೀಕರಿಗೆ ಅಪಾರ ಗೌರವ. ‘ಮಕ್ಕಳಿಗೆ ಇಲ್ಲಿ ಕೆಲಸವಿಲ್ಲ’ ಎಂದು ಮುಂಬಾಗಿಲಿಗೆ ಬೋರ್ಡು ಬರೆಸಿದ್ದರು. ಹಿಂಬಾಗಿಲಿಗೆ ಬೋರ್ಡು ಇರಲಿಲ್ಲ. ಅದು ನಮ್ಮ ಶಾಲೆಯ ಅಂಗಳಕ್ಕೆ ತೆರೆಯುತ್ತಿತ್ತು.

ಇನ್ಸ್‌ಪೆಕ್ಟರು ಬಸ್ಸಿನಲ್ಲಿ ಕೂತ ದಿನ ಡ್ರೈವರು ಊರ ಅಂಚಿನಲ್ಲೇ ಮೂರು ಸಲ ಉದ್ದಕ್ಕೆ ಹಾರನ್ ಹೊಡೆಯುತ್ತಿದ್ದ. ಅದಕ್ಕಾಗಿ ಅವನಿಗೆ ಕಾರ್ಖಾನೆಯಿಂದ ಬೀಡಿ ಸಂದಾಯವಾಗುತ್ತಿತ್ತು. ಹಾರನ್ ಕೇಳಿದ್ದೇ ತಡ, ಹಿಂಬಾಗಿಲು ತೆರೆದು ಇಪ್ಪತ್ತು ಮಕ್ಕಳು ವಿದ್ಯಾರ್ಜನೆಗೆ ಓಡಿ ಬರುತ್ತಿದ್ದರು. ಅವರ ಹೆಸರುಗಳು ನಮ್ಮ ಪಟ್ಟಿಯಲ್ಲಿ ಇದ್ದೇ ಇದ್ದವು. ತೆಗೆದುಹಾಕಿದರೆ ಮಕ್ಕಳ ಸಂಖ್ಯೆ ಇಳಿದು ಒಬ್ಬ ಮೇಷ್ಟ್ರ ಹುದ್ದೆಗೆ ಕುತ್ತು. ಆ ಒಬ್ಬ ನಾನೇ. ಹಾಗಾಗಿ ಬಂದ ದಿನ ಹಾಜರಿ, ಬಾರದ ದಿನ ಸೊನ್ನೆ ಹಾಕಿಕೊಂಡು ತೆಪ್ಪಗಿದ್ದೆ. ಸುಳ್ಳು ಹಾಜರಿ ಮಾತ್ರ ಒಂದು ದಿನವೂ ಹಾಕಿದವನಲ್ಲ. ಅದು ನನ್ನ ಹೆಮ್ಮೆ.

ಇನ್ಸ್‌ಪೆಕ್ಟರು ಕೊಟ್ಟೂರು ಕಡೆಯವರು. ಮಾಲೀಕರ ಚಹಾ ಕುಡಿದರೆ ವರದಿ ಬರೆಯುವಾಗ ಕೈ ನಡುಗುತ್ತದೆ ಎಂಬುದು ಅವರ ಸಿದ್ಧಾಂತ. ಅದಕ್ಕೇ ಬುತ್ತಿ ಬಿಚ್ಚಲು ನಮ್ಮ ಶಾಲೆಯ ಜಗಲಿಗೆ ಬರುತ್ತಿದ್ದರು. ಒಂದು ದಿನ ರೊಟ್ಟಿ ಮುರಿಯುತ್ತಾ ಕಿಟಕಿಯ ಪಕ್ಕ ಕೂತ ಹುಡುಗಿಯನ್ನೇ ನೋಡುತ್ತಿದ್ದರು. ಹನ್ನೆರಡರ ವಯಸ್ಸು. ಕಣ್ಣು ಪಾಠದ ಮೇಲಿದ್ದರೂ ಬೆರಳುಗಳು ಮಡಿಲಲ್ಲಿ ಏನೂ ಇಲ್ಲದೆಯೇ ಏನನ್ನೋ ಮಡಚುತ್ತಿದ್ದವು.

“ಯಾವ ಕ್ಲಾಸವ್ವಾ?”

“ಏಳನೇದ್ರಿ.”

“ನಿನ್ನಿ ಏನು ಪಾಠ ಆತು?”

ಹುಡುಗಿ ನನ್ನನ್ನು ನೋಡಿದಳು. ನಾನು ಗೋಡೆಯ ಭೂಪಟ ನೋಡಿದೆ.

“ನಿನ್ನಿ ನೀವು ಬಂದಿರ್ಲಿಲ್ಲಲ್ರೀ ಸಾಹೇಬ್ರ” ಎಂದಳು.

ಇನ್ಸ್‌ಪೆಕ್ಟರು ಕೈ ತೊಳೆದುಕೊಂಡು ಬಂದರು. ನನ್ನ ಹಾಜರಿ ಪುಸ್ತಕ ಕೇಳಿ ತೆಗೆದುಕೊಂಡು, ತಮ್ಮ ಡೈರಿಯನ್ನು ಅದರ ಪಕ್ಕಕ್ಕಿಟ್ಟರು. ಇಪ್ಪತ್ತು ಹೆಸರುಗಳ ಮುಂದೆ ಸಾಲು ಸಾಲು ಸೊನ್ನೆ. ನಡುವೆ ಅಲ್ಲೊಂದು ಇಲ್ಲೊಂದು ದಿನ ಪೂರ್ಣ ಹಾಜರಿ. ಆ ದಿನಗಳೆಲ್ಲ ಅವರ ಡೈರಿಯ ಭೇಟಿಯ ದಿನಗಳೇ.

“ಮೇಷ್ಟ್ರ, ಇಂಥಾ ಪ್ರಾಮಾಣಿಕ ಪುಸ್ತಕ ನಾ ಎಲ್ಲೂ ನೋಡಿಲ್ಲ ಬಿಡ್ರಿ” ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ರಸೀದಿ ಬರೆದುಕೊಟ್ಟರು.

ಸಂಜೆ ಮಾಲೀಕರು ಮನೆಗೇ ಬಂದರು. “ಏನ್ ಮೇಷ್ಟ್ರ, ಸಾಲಿ ಸೋರಿದಾಗ ಹಂಚು ಹೊದಿಸಿದವ್ರು ಯಾರ್ರಿ? ಪುಸ್ತಕ ಇಲಿ ತಿಂದ್ವು ಅಂದ್ರ ಮುಗೀತಲ್ಲ.”

“ಪುಸ್ತಕ ಇನ್ಸ್‌ಪೆಕ್ಟರ್ ಚೀಲದಾಗ ಐತ್ರಿ. ಇಲಿಗುಳು ಬಸ್ ಹತ್ತಬೇಕಾಕ್ಕತಿ” ಎಂದೆ. ಇದನ್ನು ಧೈರ್ಯವೆಂದು ಯಾರೂ ಭಾವಿಸಬಾರದು. ಪುಸ್ತಕ ಕೈಯಲ್ಲೇ ಇದ್ದಿದ್ದರೆ ಏನು ಮಾಡುತ್ತಿದ್ದೆನೋ...

ಕೇಸು ನಡೆಯಿತು. ನಾನು ಸಾಕ್ಷಿ ಹೇಳಿದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ, ಆದರೂ ಸಾಕಾಯಿತು. ದಂಡ ಬಿತ್ತು. ಅದನ್ನು ಮಾಲೀಕರು ಅಂಗಿಯ ಜೇಬಿನಿಂದಲೇ ತೆಗೆದು ಕಟ್ಟಿದರು. ಒಳಜೇಬಿಗೆ ಕೈ ಹೋಗಲಿಲ್ಲ. ಹಾಜರಿ ಪುಸ್ತಕ ನನ್ನ ಕೈಗೆ ವಾಪಸು ಬಂತು. ಹಿಂಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಸಲಾಯಿತು. ಒಂದು ವಾರ ನಮ್ಮ ಶಾಲೆ ಭರ್ತಿ. ಬೆಂಚು ಸಾಲದೆ ನೆಲದ ಮೇಲೆ ಕೂರಿಸಿದೆ.

ಎರಡನೆಯ ವಾರ ಇಪ್ಪತ್ತೂ ಜನ ನಾಪತ್ತೆ. ಮಾಲೀಕರು ಎಲೆ, ತಂಬಾಕು, ದಾರ ಎಲ್ಲವನ್ನೂ ತೂಗಿ ಮನೆಮನೆಗೆ ಹಂಚಿಬಿಟ್ಟಿದ್ದರು. ಇನ್ಸ್‌ಪೆಕ್ಟರು ಮುಂದಿನ ಭೇಟಿಗೆ ಬಂದಾಗ ಇಬ್ಬರೂ ಆ ಓಣಿಗೆ ಹೋದೆವು. ಹೊಸ್ತಿಲ ಮೇಲೆ ಏಳನೇ ತರಗತಿಯ ಹುಡುಗಿ, ಮಡಿಲಲ್ಲಿ ಎಲೆ, ತಂಬಾಕಿನ ಮೊರ. ನಮ್ಮನ್ನು ಕಂಡದ್ದೇ ಅವಳ ತಾಯಿ ಮೊರ ಕಸಿದು ಒಳಗಿಟ್ಟಳು.

“ಇನಸ್ಪೆಟ್ರು ಬಂದ್ರು! ಹೋಗ ಸಾಲಿಗಿ, ಏನ್ ನೋಡ್ತಿ!”

ಓಣಿಯ ಎಲ್ಲ ಮನೆಗಳಲ್ಲೂ ಅದೇ ಗದರಿಕೆ. ಐದು ನಿಮಿಷದಲ್ಲಿ ಇಪ್ಪತ್ತು ಮಕ್ಕಳು ಶಾಲೆಯ ದಾರಿ ಹಿಡಿದಿದ್ದರು.

ಜಗಲಿಗೆ ವಾಪಸು ಬಂದ ಮೇಲೆ ಇನ್ಸ್‌ಪೆಕ್ಟರು ದನಿ ತಗ್ಗಿಸಿದರು. “ಮನಿಯಾಗ ಅವ್ವಗ ಕೈ ಜೋಡಿಸಿದ್ರ ಕೇಸಿಲ್ರಿ ಮೇಷ್ಟ್ರ. ಹೊಸ್ತಿಲ ಒಳಗ ನನಗ ಕವಡಿಯಷ್ಟೂ ಅಧಿಕಾರ ಇಲ್ಲ. ಇದು ಅವರಿಗಿ ಗೊತ್ತಿಲ್ಲ. ನೀವು ಹೇಳಬ್ಯಾಡ್ರಿ.” ಛತ್ರಿ ಎತ್ತಿಕೊಳ್ಳುತ್ತಾ, “ಆ ಹುಡುಗಿ ಮಾರ್ಚಿನಾಗ ಏಳನೇದು ಪಾಸಾದ್ರ ಸಾಕು” ಎಂದರು.

ಅಲ್ಲಿಂದ ಅವರು ವಾರವಾರವೂ ಬರತೊಡಗಿದರು. ತಮ್ಮ ರಜೆ ಹಾಕಿ, ತಮ್ಮ ಟಿಕೆಟ್ಟಿನಲ್ಲಿ. ಕಂಕುಳಲ್ಲಿ ಖಾಲಿ ಫೈಲು ಇಟ್ಟುಕೊಂಡು ಓಣಿಯ ಈ ತುದಿಯಿಂದ ಆ ತುದಿಯವರೆಗೆ, ಪ್ರತಿ ಮನೆಯ ಮುಂದೆ ಒಮ್ಮೆ ಕೆಮ್ಮಿ, ಗಂಭೀರವಾಗಿ ನಡೆಯುತ್ತಿದ್ದರು. ಹೋಗುವಾಗ ಬಾವಿಕಟ್ಟೆಯ ಹತ್ತಿರ ನಿಂತು, “ನಾಳಿನೂ ಬರ್ತೀನ್ರೀ ಮೇಷ್ಟ್ರ” ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಮರುದಿನ ಬರುತ್ತಿರಲಿಲ್ಲ. ಹೀಗೆ ಒಂದು ಟಿಕೆಟ್ಟಿನ ಖರ್ಚಿನಲ್ಲಿ ನನಗೆ ಎರಡು ದಿನ ಮಕ್ಕಳು ಸಿಗುತ್ತಿದ್ದರು. ಇಲಾಖೆಯ ಇತಿಹಾಸದಲ್ಲಿ ಇಷ್ಟು ಅಗ್ಗದ ತಪಾಸಣೆ ಇನ್ನೊಂದು ನಡೆದಿರಲಾರದು. ಆ ಎರಡು ದಿನ ಬೇರೆಲ್ಲ ಬಿಟ್ಟು ಆ ಹುಡುಗಿಗೆ ಲೆಕ್ಕ ಮತ್ತು ಇಂಗ್ಲಿಷು ಹೇಳಿಕೊಡುತ್ತಿದ್ದೆ.

ಜನವರಿಯಲ್ಲಿ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಹೊಸದಾಗಿ ಬಂದವರು ಸಜ್ಜನರು, ಕಾನೂನನ್ನು ಚೆನ್ನಾಗಿ ಓದಿಕೊಂಡವರು. ಗಾಬರಿಯಿಂದ ಮೊರ ಬಚ್ಚಿಡಲು ಎದ್ದ ತಾಯಂದಿರಿಗೆ, “ಮನೆಯಲ್ಲಿ ಮಾಡಿದರೆ ನಮ್ಮ ತಕರಾರು ಏನೂ ಇಲ್ಲಮ್ಮ, ಕೂತುಕೊಳ್ಳಿ” ಎಂದು ಸಮಾಧಾನ ಹೇಳಿದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಾಯಂದಿರು ಕೂತುಕೊಂಡರು.

ಹಳೆಯ ಇನ್ಸ್‌ಪೆಕ್ಟರಿಗೆ ಒಂದು ಕಾಗದ ಬರೆದು ಪರೀಕ್ಷೆಯ ಫಲಿತಾಂಶ ತಿಳಿಸಬೇಕೆಂದುಕೊಂಡಿದ್ದೆ. ಈ ವರ್ಷ, ಮುಂದಿನ ವರ್ಷ ಎನ್ನುತ್ತಲೇ... ಅವರು ತೀರಿಕೊಂಡು ಈಗ ಬಹಳ ಕಾಲವಾಯಿತು. ಸುದ್ದಿ ನನಗೆ ತಲುಪಿದ್ದೂ ತಡವಾಗಿ, ಕೊಟ್ಟೂರಿನಲ್ಲಿ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ. ಬರೆದಿದ್ದರೆ ಮೂರು ಸಾಲಿನ ಕಾಗದವಾಗುತ್ತಿತ್ತು.

ಹುಡುಗಿ ಪರೀಕ್ಷೆಗೆ ಕೂತಳು. ಲೆಕ್ಕ ಮತ್ತು ಇಂಗ್ಲಿಷಿನಲ್ಲಿ ಪಾಸಾಗಿ, ಉಳಿದದ್ದರಲ್ಲೆಲ್ಲ ನಪಾಸಾದಳು. ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ.