ಕೇಳಿಸಿಕೊಳ್ಳಲು ಕಲಿಸಿದ ಮೇಡಂ

ನಮ್ಮ ಮೇಡಂಗೆ ಎಡಗಿವಿ ಸ್ವಲ್ಪವೂ ಕೇಳಿಸುತ್ತಿರಲಿಲ್ಲ. ಯಾರಾದರೂ ಮಾತಾಡಲು ಎದುರು ನಿಂತರೆ ಕತ್ತನ್ನು ಎಡಕ್ಕೆ ಹೊರಳಿಸಿ, ಬಲಗಿವಿಯನ್ನು ಮುಂದೆ ತಂದು, ಕಣ್ಣು ನೆಲಕ್ಕಿಳಿಸಿ ನಿಲ್ಲುತ್ತಿದ್ದರು. ಆ ಕಿವಿಯ ಕೆಂಪು ಹರಳಿನ ಓಲೆ ನಮ್ಮ ಮುಖದ ಹತ್ತಿರಕ್ಕೇ ಬರುತ್ತಿತ್ತು. ಹೊಸಬರಿಗೆ ಅದು ಅನುಮಾನದಂತೆ ಕಾಣುತ್ತಿತ್ತು. ಆದರೆ ಕೇಳುವವರು ಹಾಗೆ ನಿಂತಾಗ ಹೇಳುವವರ ಅವಸರ ತಾನಾಗಿ ಇಳಿಯುತ್ತದೆ. ಒಂದು ಮಾತು ಹೇಳಲು ಹೋದವರು ನಾಲ್ಕು ಹೇಳಿ ಬರುತ್ತಿದ್ದೆವು.

ಕೊಡಗಿನ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ನಮಗೆ ಡಿಸೈನ್ ಥಿಂಕಿಂಗ್ ತೆಗೆದುಕೊಳ್ಳುತ್ತಿದ್ದರು. ಒಂದೇ ಕ್ರೆಡಿಟ್ಟಿನ ವಿಷಯವಾದ್ದರಿಂದ ಯಾರಿಗೂ ಅದರ ಬಗ್ಗೆ ಭಯವಿರಲಿಲ್ಲ. ನನಗೊಬ್ಬಳಿಗೆ ಇತ್ತು. ನಾನು ಬಾಯಿಪಾಠದ ಬಲದಿಂದ ಮೇಲೆ ಬಂದವಳು. ಜನರ ಜೊತೆಗಿದ್ದು ಅರಿಯುವುದು, ತೊಂದರೆ ಯಾವುದೆಂದು ಸರಿಯಾಗಿ ಹೇಳುವುದು, ದಾರಿಗಳನ್ನು ಯೋಚಿಸುವುದು, ಮಾದರಿ ಮಾಡುವುದು, ಬಳಸುವವರ ಕೈಗೆ ಕೊಟ್ಟು ನೋಡುವುದು ಎಂಬ ಐದು ಹಂತಗಳನ್ನು ಮೊದಲ ವಾರವೇ ಬಾಯಿಪಾಠ ಮಾಡಿದ್ದೆ. ಅದಾದ ಮೇಲೆ ಮಾಡುವುದೇನೆಂದು ಗೊತ್ತಿರಲಿಲ್ಲ. ಈ ವಿಷಯದಲ್ಲಿ ಪುಸ್ತಕದ ಹಿಂದೆ ಉತ್ತರಗಳಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ನಮ್ಮ ಮನೆ ಸೋಮವಾರಪೇಟೆಯ ಹತ್ತಿರ. ಅಪ್ಪ ಸಂತೆಯಲ್ಲಿ ತರಕಾರಿ ಮಾರುತ್ತಿದ್ದರು. ಅಮ್ಮ ಸೀಸನ್ನಿನಲ್ಲಿ ಬೇರೆಯವರ ಎಸ್ಟೇಟಿಗೆ ಕಾಫಿ ಹಣ್ಣು ಕುಯ್ಯುವ ಪಿಕಿಂಗ್‌ಗೆ ಹೋಗುತ್ತಿದ್ದಳು. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ "ಮನೇಲಿ ತೋಟ ನೋಡ್ಕೊಳ್ತಾರೆ" ಎನ್ನುತ್ತಿದ್ದೆ. ಕೇಳಿದವರು ತೋಟ ನಮ್ಮದೆಂದು ತಿಳಿಯುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ನಮ್ಮ ಗುಂಪಿನಲ್ಲಿ ನಾಲ್ಕು ಜನ. ಬಾಳೆಲೆ ಊರಿನ ಒಬ್ಬ ಹುಡುಗ, ನಿಜವಾಗಿ ತೋಟ ಇದ್ದವನು, ಪಿಕಿಂಗ್ ಮಾಡುವ ಹೆಂಗಸರಿಗಾಗಿ ಒಂದು ಚೀಲ ಮಾಡೋಣ ಎಂದ. ಹಣ್ಣು ತುಂಬಿದಂತೆ ತೂಕ ತಾನೇ ತೋರಿಸುವ ಚೀಲ. ಲೆಕ್ಕ ಮೊಬೈಲಿಗೆ ಹೋಗುತ್ತದೆ. ನಮಗೆಲ್ಲ ಬಹಳ ಹಿಡಿಸಿತು. ಕೇಳಬೇಕಾದ ಪ್ರಶ್ನೆಗಳನ್ನು ನಾನೇ ಟೈಪ್ ಮಾಡಿದೆ. ಹತ್ತಿರದ ಎಸ್ಟೇಟಿಗೆ ಹೋಗುವ ದಿನ ಜೀಪು ಹತ್ತುವ ಮೊದಲು ಮೇಡಂ ಆ ಹಾಳೆಯನ್ನು ಓದಿದರು, ನಾಲ್ಕಾಗಿ ಮಡಚಿದರು, ತಮ್ಮ ಬ್ಯಾಗಿಗೆ ಹಾಕಿಕೊಂಡರು.

"ಇವತ್ತು ಇದು ನನ್ನ ಹತ್ರ ಇರ್ಲಿ," ಎಂದರು. "ಉತ್ತರ ಜೇಬಲ್ಲಿಟ್ಕೊಂಡು ಪ್ರಶ್ನೆ ಕೇಳೋಕೆ ಹೋಗ್ಬೇಡಿ."

ಆ ದಿನ ನಮಗೆ ಅವರು ಕೊಟ್ಟ ಕೆಲಸ ಇಷ್ಟೇ: ಹೆಂಗಸರ ಜೊತೆ ಹಣ್ಣು ಕುಯ್ಯಬೇಕು, ಅವರು ಕೂತಾಗ ಕೂರಬೇಕು, ಅವರು ಉಂಡಾಗ ಉಣ್ಣಬೇಕು. ಮೇಡಂ ಕೂಡ ಸೀರೆಯ ಸೆರಗು ಸಿಕ್ಕಿಸಿಕೊಂಡು ಒಂದು ಸಾಲು ಹಿಡಿದರು. ಕೈ ಬೇಗ ಓಡುತ್ತಿರಲಿಲ್ಲ. ಹೆಂಗಸರು ನಕ್ಕರೆ ತಾವೂ ನಗುತ್ತಿದ್ದರು. ನಾನು ಮಾತ್ರ ಬೇಕೆಂದೇ ನಿಧಾನವಾಗಿ ಕುಯ್ದೆ. ಚಿಕ್ಕಂದಿನಿಂದ ರಜೆಯಲ್ಲಿ ಅಮ್ಮನ ಜೊತೆ ಹೋಗಿ ಅಭ್ಯಾಸವಾದ ಕೈ. ವೇಗ ನೋಡಿದರೆ ಯಾರಿಗಾದರೂ ಗೊತ್ತಾದೀತು ಎಂಬ ಅಂಜಿಕೆ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಾನು ಸೆಲ್ವಿ ಅಕ್ಕನ ಪಕ್ಕ ಕೂತಿದ್ದೆ. ಅವರು ಆ ಎಸ್ಟೇಟಿನ ಕೂಲಿಯವರ ಸಾಲುಮನೆಗಳ ಲೈನ್‌ನಲ್ಲೇ ಹುಟ್ಟಿ ಬೆಳೆದವರು. ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆವರಿದ್ದರು. ಆದರೆ ಅವರ ನೀರಿನ ಬಾಟಲಿ ಕುತ್ತಿಗೆಯವರೆಗೂ ತುಂಬಿಯೇ ಇತ್ತು. ಅನ್ನ ಉಂಡ ಮೇಲೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗಿದರು. ಯಾಕೆ ಅಕ್ಕ, ಕುಡಿಯಲ್ವಾ ಎಂದು ಕೇಳಿದೆ.

ಅವರು ಬಾಟಲಿಯ ಮುಚ್ಚಳ ಬಿಗಿದು, ತಮಿಳಿನ ಮುದ್ದುಮಾತು ಬೆರೆಸಿ ಹೇಳಿದರು. "ಕುಡಿದ್ರೆ ಆಮೇಲೆ ಎಲ್ಲಿಗೆ ಹೋಗೋದು ಕಣ್ಣು? ಸುತ್ತ ಗಂಡಸರು ಏಣಿ ಇಟ್ಟು ಮೆಣಸು ಕುಯ್ತಾ ಇರ್ತಾರೆ. ಮೇಲಿಂದ ಎಲ್ಲಾ ಕಾಣ್ತದೆ. ಬೆಳಗ್ಗೆ ಒಂದು ಲೋಟ ಕಾಪಿ, ಇನ್ನು ಸಾಯಂಕಾಲ ಲೈನಿಗೆ ಹೋದ್ಮೇಲೇ."

ಉಳಿದ ಹೆಂಗಸರೂ ತಲೆಯಾಡಿಸಿದರು. ಒಬ್ಬರಿಗೆ ಮೂತ್ರದ ಉರಿ, ಒಬ್ಬರಿಗೆ ಕಿಡ್ನಿ ಕಲ್ಲು, ಇನ್ನೊಬ್ಬರು ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಮ್ಮಮ್ಮ ಪಿಕಿಂಗ್ ಮುಗಿಸಿ ಬಂದವಳೇ ಬಚ್ಚಲ ಗೋಡೆಗೆ ಒರಗಿ ತುಂಬಿದ ಚೊಂಬನ್ನು ಒಂದೇ ಉಸಿರಿಗೆ ಬರಿದು ಮಾಡುವುದನ್ನು ನಾನು ಎಷ್ಟು ಸಲ ನೋಡಿದ್ದೆ. ಪ್ರತಿ ಸೀಸನ್ನಿನಲ್ಲೂ ಅವಳಿಗೆ ಚಳಿಜ್ವರ ಬರುತ್ತಿತ್ತು. "ಉಷ್ಣ ಆಗಿದೆ" ಎಂದು ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮರುದಿನ ಮತ್ತೆ ಹೋಗುತ್ತಿದ್ದಳು. ನಾನೂ ಅದನ್ನು ಉಷ್ಣ ಎಂದೇ ನಂಬಿದ್ದೆ.

ವಾಪಸ್ ಬರುವಾಗ ಜೀಪಿನಲ್ಲಿ ನಾನು ಮೇಡಂ ಬಲಕ್ಕೆ ಕೂತಿದ್ದೆ. "ಎಂತ ಮಾರಾಯ್ತಿ, ಸುಮ್ಮನಾಗಿದ್ದೀಯ?" ಎಂದರು. ಉಳಿದವರಿಗೆ ಕೇಳದ ಹಾಗೆ ಅವರ ಬಲಗಿವಿಯಲ್ಲಿ ಎಲ್ಲವನ್ನೂ ಹೇಳಿದೆ. ಅಮ್ಮನ ಕೆಲಸ, ಜ್ವರ, ನಾನು ಮುಚ್ಚಿಟ್ಟದ್ದು. ಅವರು ಅಯ್ಯೋ ಎನ್ನಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಕಾಲೇಜು ಬಂದು ಇಳಿಯುವಾಗ ಮಾತ್ರ, ಚೀಲದ ಕತೆ ಏನು ಮಾಡೋಣ ಎಂದು ಎಲ್ಲರನ್ನೂ ಕೇಳಿದರು. ಬುತ್ತಿಯ ಹೊತ್ತಿನ ಮಾತು ಕೇಳಿಸಿಕೊಂಡಿದ್ದ ಬಾಳೆಲೆಯ ಹುಡುಗನೇ ಮೊದಲು, ಬೇಡ ಮೇಡಂ, ಎಂದ. ತನ್ನ ಮನೆಯ ತೋಟದಲ್ಲೂ ಹೆಂಗಸರಿಗೆ ಹೋಗಲು ಜಾಗವಿಲ್ಲ, ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ ಎಂದು ತಲೆ ತಗ್ಗಿಸಿದ.

ಚೀಲದ ಬದಲು ಹೆಂಗಸರಿಗೆ ಹೋಗಲು ಒಂದು ಮರೆ ಮಾಡುವುದೆಂದಾಯಿತು. ಪಿಕಿಂಗ್ ಒಂದು ಜಾಗದಲ್ಲಿ ನಿಲ್ಲುವುದಿಲ್ಲ. ಹೆಂಗಸರು ಮುಂದೆ ಹೋದಂತೆ ಹೋಗುವ ಮರೆ ಬೇಕಿತ್ತು. ಮೊದಲು ರಟ್ಟಿನಲ್ಲಿ ಚಿಕ್ಕ ಮಾದರಿ ಕತ್ತರಿಸಿದೆವು. ನನ್ನ ಕತ್ತರಿ ತಪ್ಪಿ ಹೋದಾಗಲೆಲ್ಲ ನಾನು ಬೆವರುತ್ತಿದ್ದೆ. "ಹಾಳಾಗ್ಲಿ ಬಿಡು, ರಟ್ಟಲ್ವಾ?" ಎಂದು ಮೇಡಂ ಇನ್ನೊಂದು ರಟ್ಟು ಮುಂದಿಡುತ್ತಿದ್ದರು. ಕೊನೆಗೆ ಬಿದಿರಿನ ಗಳು, ನೀಲಿ ಟಾರ್ಪಾಲು, ಗುಂಡಿಯ ಮೇಲೆ ಇಡುವ ಹಲಗೆ, ಮುಚ್ಚಲು ಕಾಫಿ ಹೊಟ್ಟಿನ ಚೀಲ, ಎಲ್ಲ ಸೇರಿಸಿ ಮಡಚಿ ಹೊರಬಹುದಾದ ಒಂದು ಮರೆ ಸಿದ್ಧವಾಯಿತು. ತೋಟದ ರೈಟರ್, ಅಂದರೆ ಕೆಲಸದ ಲೆಕ್ಕ ಬರೆಯುವವರು, ತೋರಿಸಿದ ಖಾಲಿ ಜಾಗದಲ್ಲಿ ನಿಲ್ಲಿಸಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾದೆವು.

ಒಬ್ಬರೂ ಒಳಗೆ ಹೋಗಲಿಲ್ಲ.

ಸಂಜೆ ನಾನು ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರದ ಹಿಂದೆ ನಿಂತು ಅತ್ತೆ. ಅಂಕ ಹೋಯಿತೆಂದು ಸ್ವಲ್ಪ, ಅಮ್ಮನಿಗೂ ಇದು ಆಗದೆಂದು ಹೆಚ್ಚು. ಮೇಡಂ ಹುಡುಕಿಕೊಂಡು ಬಂದರು. ಅವರ ಮುಖದಲ್ಲಿ ನೆಮ್ಮದಿ ಇತ್ತು. ನನಗೆ ಸಿಟ್ಟೇ ಬಂತು.

"ಸದ್ಯ, ಒಂದೇ ಮಾಡಿದ್ವಿ," ಎಂದರು. "ಇಪ್ಪತ್ತು ಮಾಡಿ ಹಂಚಿದ್ದಿದ್ರೆ ಇಪ್ಪತ್ತು ಕಡೆ ಸುಮ್ನೆ ನಿಲ್ತಿತ್ತು. ಬಾ, ಯಾಕೆ ಹೋಗ್ಲಿಲ್ಲ ಅಂತ ಕೇಳೋಣ."

ಸೆಲ್ವಿ ಅಕ್ಕ ಮುಜುಗರದಿಂದ ಬಿಡಿಸಿ ಹೇಳಿದರು. ಬಯಲಲ್ಲಿ ನೀಲಿ ಗುಡಾರ. ಅತ್ತ ಹೆಜ್ಜೆ ಇಟ್ಟರೆ ಎಲ್ಲಿಗೆ ಹೊರಟರೆಂದು ಇಡೀ ತೋಟಕ್ಕೆ ಗೊತ್ತಾಗುತ್ತದೆ. ಮರೆ ಬೇಕಾಗಿದ್ದದ್ದು ಕೂರುವ ಜಾಗಕ್ಕೆ ಮಾತ್ರವಲ್ಲ, ಅಲ್ಲಿಗೆ ಹೋಗುವ ದಾರಿಗೂ. ಇದು ನಮ್ಮ ನಾಲ್ವರಲ್ಲಿ ಯಾರ ತಲೆಗೂ ಬಂದಿರಲಿಲ್ಲ.

ಎರಡನೆಯ ಸಲ ಟಾರ್ಪಾಲು ತೆಗೆದು, ಕಾಫಿ ಎಲೆಯ ಬಣ್ಣದ ಹಸಿರು ನೆರಳುಬಲೆಯನ್ನು ಮೂರು ಮಡಿಕೆ ಮಾಡಿ ಕಟ್ಟಿದೆವು. ಮೇಲಕ್ಕೂ ಒಂದು ಮುಚ್ಚಿಗೆ ಹಾಕಿದೆವು. ಎಲ್ಲಿ ನಿಲ್ಲಿಸಬೇಕೆಂದು ಹೆಂಗಸರೇ ತೋರಿಸಿದರು: ಬುತ್ತಿಚೀಲಗಳನ್ನು ನೇತುಹಾಕುವ ಮರದ ಹಿಂದೆ, ಕಾಫಿಗಿಡಗಳ ಸಾಲಿನ ನಡುವೆ. ಆ ಕಡೆ ಹೋದರೆ ಚೀಲದಿಂದ ಎಲೆಅಡಿಕೆ ತರಲು ಹೋದಳೆಂದು ನೋಡಿದವರು ತಿಳಿಯುತ್ತಾರೆ. ಕೆಲಸದ ನಡುವೆ ಪಕ್ಕಕ್ಕೆ ಹೋಗಲು ರೈಟರನ್ನು ಕೇಳಬೇಕೆಂಬ ಕಟ್ಟಳೆ ಆ ತೋಟದಲ್ಲಿತ್ತು; ಅದನ್ನು ಬಿಡಿಸಲು ಮೇಡಂ ತೋಟದ ಯಜಮಾನರ ಮನೆಗೆ ಎರಡು ಸಲ ಹೋಗಿ ಬಂದರು. ಎರಡನೆಯ ಸಲ ಬಂದ ಮೇಲೆ ಆ ಕಟ್ಟಳೆ ಹೋಯಿತು.

ಹೊಸ ಮರೆ ನಿಲ್ಲಿಸಿದ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸೆಲ್ವಿ ಅಕ್ಕ ಚೀಲದ ಮರದ ಕಡೆ ನಡೆದರು. ನಾವು ಬೇಕೆಂದೇ ಬೇರೆ ಕಡೆ ಮುಖ ಮಾಡಿ ಹಣ್ಣು ಕುಯ್ದೆವು. ಊಟಕ್ಕೆ ಕೂತಾಗ ಅವರು ಬಾಟಲಿಯ ಮುಚ್ಚಳ ತಿರುಗಿಸಿ, ತಲೆ ಹಿಂದಕ್ಕೆ ಚೆಲ್ಲಿ, ಗಟಗಟನೆ ಅರ್ಧ ಕುಡಿದರು. ಆಮೇಲೆ ಪಕ್ಕದವರೂ ಕುಡಿದರು. ಅವರು ನೀರು ಕುಡಿಯುವ ಸದ್ದು ಕೇಳುತ್ತಾ ನನ್ನ ಎದೆಯ ಮೇಲಿದ್ದ ಭಾರ ಇಳಿದಂತಾಯಿತು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು, ಈ ತೊಂದರೆ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಮೇಡಂ ಮೂಲೆಯಲ್ಲಿ ಕೂತಿದ್ದರು. ನನ್ನ ಕಡೆ ನೋಡಲೂ ಇಲ್ಲ. ನಮ್ಮಮ್ಮ ಪಿಕಿಂಗ್ ಮಾಡ್ತಾಳೆ ಸರ್, ಆದ್ರೂ ನಂಗೆ ಗೊತ್ತಿರ್ಲಿಲ್ಲ, ಸೆಲ್ವಿ ಅಕ್ಕ ಹೇಳಿದ್ಮೇಲೆ ಗೊತ್ತಾಯ್ತು ಎಂದೆ. ಅಷ್ಟು ವರ್ಷ ಹೆದರಿದ ಮಾತು ಅರ್ಧ ನಿಮಿಷದಲ್ಲಿ ಮುಗಿದುಹೋಯಿತು. ಗೆಳೆಯರಲ್ಲಿ ಯಾರ ಮುಖವೂ ಬದಲಾಗಲಿಲ್ಲ.

ಮರುವರ್ಷ ಮೇಡಂ ನಿವೃತ್ತರಾಗಿ ಮಡಿಕೇರಿಯ ತಮ್ಮ ಮನೆ ಸೇರಿದರು. ನಾನೀಗ ಓದು ಮುಗಿಸಿ ಕುಡಿಯುವ ನೀರಿನ ಕೆಲಸ ಮಾಡುವ ಒಂದು ಕಚೇರಿಯಲ್ಲಿದ್ದೇನೆ. ಯಾವ ಊರಿಗೆ ಹೋದರೂ ನಕ್ಷೆಯನ್ನು ಬ್ಯಾಗಿನಲ್ಲೇ ಬಿಟ್ಟು ಮೊದಲು ಹೆಂಗಸರ ನಡುವೆ ಕೂರುತ್ತೇನೆ. ಮೇಡಂಗೆ ನಾನು ಸಲ್ಲಿಸಬೇಕಾದ ಋಣದಲ್ಲಿ ಇದು ಸಣ್ಣ ಪಾಲು.

ಅಮ್ಮ ಕೆಲಸಕ್ಕೆ ಹೋಗುವ ತೋಟದಲ್ಲೂ ಹೋದ ಸೀಸನ್ನಿಗೆ ಅಂಥದ್ದೇ ಒಂದು ಮರೆ ನಿಲ್ಲಿಸಿದೆವು. ಈ ಸಲ ಪಿಕಿಂಗ್ ಅರ್ಧ ಮುಗಿದರೂ ಅವಳಿಗೆ ಜ್ವರ ಬರಲಿಲ್ಲ. ಅದನ್ನು ಹೇಳಲು ಒಂದು ಭಾನುವಾರ ಮನೆಯಿಂದಲೇ ಮೇಡಂಗೆ ಫೋನು ಮಾಡಿದೆ. ಅವರು "ಸದ್ಯ," ಎಂದರು. ಎಲ್ಲ ಸರಿಯಿದೆ ಮೇಡಂ ಎಂದೆ.

"ಸರಿ ಇದೆ ಅಂತ ಯಾರು ಹೇಳಿದ್ದು, ನೀನಾ, ಅಮ್ಮನಾ? ಅಮ್ಮನಿಗೆ ಕೊಡು ಫೋನು."

ಅಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನು ಹಿಡಿದಳು. ಮೊದಲು ಬರೀ "ಹ್ಞೂಂ ಮೇಡಂ, ಚೆನ್ನಾಗದೆ ಮೇಡಂ" ಎನ್ನುತ್ತಿದ್ದಳು. ಆ ಕಡೆಯಿಂದ ಏನು ಕೇಳಿದರೋ, ಜಗುಲಿಯ ಮೇಲೆ ಕೂತೇಬಿಟ್ಟಳು. ಮರೆಯೊಳಗೆ ಹೋದರೆ ಸೊಂಟದ ಚೀಲ, ತಲೆವಸ್ತ್ರ ತೂಗುಹಾಕಲು ಏನೂ ಇಲ್ಲ, ಎಲ್ಲ ಕಂಕುಳಲ್ಲೇ ಹಿಡಿದುಕೊಳ್ಳಬೇಕು. ಮಂಡಿನೋವಿನವರಿಗೆ ಏಳುವಾಗ ಹಿಡಿಯಲು ಒಂದು ಗಳು ಬೇಕು. ಒಂದೊಂದೇ ಹೇಳುತ್ತಾ ಹೋದಳು. ನನಗೆ ಇದಾವುದನ್ನೂ ಹೇಳಿರಲಿಲ್ಲ. ಅವರಿಬ್ಬರ ಮಾತು ಮುಗಿಯುವಂತೆ ಕಾಣಲಿಲ್ಲ. ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ.

ಮರುದಿನ ಕಚೇರಿಗೆ ರಜೆ ಹಾಕಿ, ಸುತ್ತಿಗೆ, ಮೊಳೆ, ಒಂದು ಬಿದಿರಿನ ಗಳು ಹಿಡಿದು ಅಮ್ಮನ ಜೊತೆ ತೋಟಕ್ಕೆ ನಡೆದೆ. ಮರೆಯಲ್ಲಿ ಎಲ್ಲಿ ಮೊಳೆ ಹೊಡೆಯಬೇಕೆಂದು ಅವಳು ಬೆರಳಿಟ್ಟು ತೋರಿಸಿದಳು, ಅಲ್ಲೇ ಹೊಡೆದೆ.